ನಲವತ್ತೈದರ ಆಚೆ: ಡೈನಾ ಮದರಂಗಿನಾ, ಪಾರ್ಲರಾ ಡಾಕ್ಟ್ರಾ, ಕ್ರೇಪಾ ಕಾಟನ್ನಾ

ನಲವತ್ತು ನಲವತ್ತೈದು ದಾಟಿದ್ಮೇಲೆ ಕನ್ನಡಿ ಎಲ್ಲಾ ಸುದ್ದಿನೂ ಒಟ್ಟಿಗೇ ಹೇಳತ್ತೆ, ಬೈತಲೆ ಹತ್ರ ಬಿಳಿ ಗೆರೆ, ಕೆನ್ನೆ ಮೇಲೆ ಬಂಗು, ತೋಳಲ್ಲಿ ಬಿಗಿಯೋ ರವಿಕೆ, ಮೊಬೈಲನ್ನ ಕೈ ಉದ್ದ ದೂರ ಹಿಡಿದ್ರೆ ಮಾತ್ರ ಓದೋ ಕಣ್ಣು. ಸಲಹೆಗೇನೂ ಬರ ಇಲ್ಲ. ಅತ್ತಿಗೆ ಮದರಂಗಿ ಹಚ್ಚು ಅಂತಾರೆ, ಪಾರ್ಲರ್ ಹುಡುಗಿ ಕಲರ್ ಮಾಡ್ಸಿ ಆಂಟಿ ಅಂತಾಳೆ, ಮಗಳು ಸುಕ್ಕಿಗೆ ರೆಟಿನಾಲ್ ಕ್ರೀಮ್ ತಗೋಮ್ಮ ಅಂತಾಳೆ, ಅಮ್ಮ ಅದೆಲ್ಲಾ ಯಾಕೆ ಕಡ್ಲೆಹಿಟ್ಟು ಸಾಲ್ದಾ ಅಂತಾರೆ, ಎಲ್ಲರೂ ಹೇಳೋದು ಹಚ್ಚಿದ ದಿನದ್ದು, ಮದುವೆಮನೆ ಫೋಟೋದ್ದು.

ನಾನು ಇಲ್ಲಿ ಹೋಲಿಸ್ತಿರೋದು ಬೇರೆ ಲೆಕ್ಕದಲ್ಲಿ. ಮಾಡ್ಸಿದ ದಿನ ಎಲ್ಲವೂ ಚೆನ್ನಾಗೇ ಇರತ್ತೆ ಬಿಡಿ, ಮೂರನೇ ವಾರಕ್ಕೆ ಅದು ಹೇಗಿರತ್ತೆ, ಅಷ್ಟೊತ್ತಿಗೆ ಮತ್ತೆಷ್ಟು ದುಡ್ಡು, ಎಷ್ಟು ಭಾನುವಾರ ಕೇಳತ್ತೆ, ಅದು ಮುಖ್ಯ. ಹಾಸನದಲ್ಲಿ ಬೆಳಗ್ಗೆ ಎಂಟಕ್ಕೆ ಬಸ್ ಹಿಡಿಯೋ ಟೀಚರಿಗೂ ಚಿಕ್ಕಮಗಳೂರು ಕಡೆ ಆಲ್ದೂರಿನ ಕಾಫಿ ತೋಟದಲ್ಲಿ ಕೊಯ್ಲಿನ ಟೈಮಲ್ಲಿ ದಿನವಿಡೀ ಕಣದಲ್ಲಿ ನಿಲ್ಲೋರಿಗೂ ಒಂದೇ ಉತ್ತರ ಇರಲ್ಲ.

ತಲೆ: ನಾಕು ದಾರಿ

ಮೊದಲು ಕೂದಲು, ಯಾಕಂದ್ರೆ ದುಡ್ಡು ಟೈಮು ಮನೆಯವರ ಜೊತೆ ವಾದ ಮೂರೂ ಜಾಸ್ತಿ ಖರ್ಚಾಗೋದು ಇಲ್ಲೇ. ಪುಡಿ ಅಥವಾ ಕ್ರೀಮ್ ಡೈ, ಬರೀ ಮದರಂಗಿ, ಮದರಂಗಿ ಜೊತೆ ಇಂಡಿಗೋ (ನೀಲಿ ಗಿಡದ ಎಲೆ ಪುಡಿ), ಇಲ್ಲಾ ಹಾಗೇ ಬಿಳಿ ಬಿಡೋದು.

ಡೈ ಸುಲಭ, ಅಗ್ಗ, ಅರ್ಧ ಮುಕ್ಕಾಲು ಗಂಟೆ ಕೆಲಸ, ಬಿಳಿ ಪೂರ್ತಿ ಮುಚ್ಚತ್ತೆ. ಆದ್ರೆ ಕೂದಲು ತಿಂಗಳಿಗೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಬೆಳೆಯತ್ತೆ, ಹಾಗಾಗಿ ಮೂರನೇ ವಾರಕ್ಕೆ ಬೈತಲೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಇಣುಕತ್ತೆ, ಕಪ್ಪು ಎಷ್ಟು ಗಾಢವಾಗಿದ್ರೆ ಆ ಬಿಳಿ ಅಷ್ಟು ಎದ್ದು ಕಾಣತ್ತೆ. ಅದಕ್ಕೇ ಡೈ ಹಾಕೋದೇ ಆದ್ರೆ ಜೆಟ್ ಬ್ಲ್ಯಾಕ್ ಬಿಟ್ಟು ಡಾರ್ಕ್ ಬ್ರೌನ್ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳೋದು, ವಯಸ್ಸಾದಂಗೆ ಮುಖದ ಬಣ್ಣಾನೂ ಸ್ವಲ್ಪ ತಿಳಿಯಾಗಿ ಮಂಕಾಗತ್ತೆ, ಅದರ ಮೇಲೆ ಕಡುಗಪ್ಪು ಕೂರಿಸಿದ್ರೆ ವಿಗ್ ಹಾಕ್ದಂಗೆ ಕಾಣತ್ತೆ.

ಡೈನ ದೊಡ್ಡ ವಿಷ್ಯ ಅಲರ್ಜಿ. ಕಪ್ಪು ಪರ್ಮನೆಂಟ್ ಡೈಗಳಲ್ಲಿ ಬಹುತೇಕ ಎಲ್ಲದರಲ್ಲೂ ಪ್ಯಾರಾ ಫಿನೈಲೀನ್ ಡೈಅಮೀನ್ ಅನ್ನೋ ಕೆಮಿಕಲ್ ಇರತ್ತೆ, ಡಾಕ್ಟರುಗಳು ಪಿಪಿಡಿ ಅಂತಾರೆ. ಇದು ಕೆಲವರಿಗೆ ಒಗ್ಗಲ್ಲ, ಹಣೆ ಅಂಚು, ಕಿವಿ ಹಿಂದೆ, ಕತ್ತು ಕೆರೆತ ಶುರುವಾಗತ್ತೆ, ಜೋರಾದ್ರೆ ಕಣ್ಣು ರೆಪ್ಪೆ ಊದ್ಕೊಂಡು ಬೆಳಗ್ಗೆ ಕಣ್ಣೇ ಬಿಡಕ್ಕಾಗಲ್ಲ. ಹತ್ತು ವರ್ಷ ಹಚ್ಚಿ ಏನೂ ಆಗಿಲ್ಲ ಅಂತ ಧೈರ್ಯ ಮಾಡೋರು ಒಂದು ತಿಳ್ಕೋಬೇಕು, ಈ ಅಲರ್ಜಿ ಹಚ್ತಾ ಹಚ್ತಾನೇ ಹುಟ್ಟೋದು, ಒಂದ್ಸಲ ಬಂತು ಅಂದ್ರೆ ಮುಂದಿನ ಸಲ ಇನ್ನೂ ಜೋರಾಗಿ ಬರತ್ತೆ, ಕಡಿಮೆಯಾಗಲ್ಲ. ಹಚ್ಚೋಕೆ 48 ಗಂಟೆ ಮುಂಚೆ ಕಿವಿ ಹಿಂದೆ ಇಲ್ಲಾ ಮೊಣಕೈ ಒಳಭಾಗದಲ್ಲಿ ಚೂರು ಹಚ್ಚಿ ನೋಡಿ ಅಂತ ಪ್ಯಾಕೆಟ್ ಮೇಲೇ ಬರೆದಿರತ್ತೆ, ಯಾರೂ ಮಾಡಲ್ಲ, ಹಬ್ಬದ ಹಿಂದಿನ ರಾತ್ರಿ ನೆನಪಾಗಿ ಹಚ್ಚೋರೇ ಜಾಸ್ತಿ.

ಅಮೋನಿಯಾ ಫ್ರೀ ಅಂತ ದೊಡ್ಡ ಅಕ್ಷರದಲ್ಲಿ ಇದ್ರೆ ಪಿಪಿಡಿ ಇಲ್ಲ ಅಂತ ಅರ್ಥ ಅಲ್ಲ. ಅಮೋನಿಯಾ ತೆಗೆದ್ರೆ ವಾಸನೆ ಕಡಿಮೆಯಾಗತ್ತೆ, ಅಷ್ಟೇ. ಈಗ ಬರ್ತಿರೋ ಐದು ನಿಮಿಷದ ಡೈ ಶಾಂಪೂಗಳಲ್ಲೂ, ಬ್ಲ್ಯಾಕ್ ಮೆಹಂದಿ ಅಂತ ಮಾರೋ ಪ್ಯಾಕೆಟ್‌ಗಳಲ್ಲೂ ಎಷ್ಟೋ ಸಲ ಇದೇ ಇರತ್ತೆ, ಹಿಂಬದಿಯ ಸಣ್ಣ ಅಕ್ಷರ ಓದಿ. ಓದಕ್ಕೆ ಕನ್ನಡಕ ಬೇಕಾಗತ್ತೆ, ಆ ವಿಷ್ಯ ಮುಂದೆ ಇದೆ.

ಬರೀ ಮದರಂಗಿ ಹಚ್ಚಿದ್ರೆ ಬಿಳಿ ಕೂದಲು ಕೇಸರಿ ಕೆಂಪಾಗತ್ತೆ, ಬೇರೆ ಬಣ್ಣ ಬರಕ್ಕೆ ಸಾಧ್ಯಾನೇ ಇಲ್ಲ, ಯಾಕಂದ್ರೆ ಅದರಲ್ಲಿರೋ ಬಣ್ಣದ ವಸ್ತು ಲಾಸೋನ್ ಒಂದೇ, ಅದು ಕೂದಲಿನ ಪ್ರೋಟೀನಿಗೆ ಅಂಟಿಕೊಂಡು ಕೆಂಪು ಕೊಡತ್ತೆ. ಕಬ್ಬಿಣದ ಬಾಣಲೆಯಲ್ಲಿ ನೆನೆಸಿದ್ರೆ ಸ್ವಲ್ಪ ಗಾಢ ಆಗಬಹುದು. ಕಾಫಿ ಡಿಕಾಕ್ಷನ್ ಹಾಕಿ ಕಲಸೋರಿದ್ದಾರೆ, ಬಣ್ಣಕ್ಕೆ ಅದರಿಂದ ಅಂಥಾ ವ್ಯತ್ಯಾಸ ಆಗಲ್ಲ, ಚಿಕ್ಕಮಗಳೂರು ಸೀಮೇಲಿ ಹುಟ್ಟಿ ಒಳ್ಳೇ ಡಿಕಾಕ್ಷನ್ ತಲೆಗೆ ಸುರಿಯೋದು ನನಗಂತೂ ಮನಸ್ಸು ಒಪ್ಪಲ್ಲ. ಬಿಳಿ ಕಮ್ಮಿ ಇದ್ದು ಅಲ್ಲಲ್ಲಿ ಚೆದುರಿದ್ರೆ ಬರೀ ಮದರಂಗಿ ಚೆನ್ನಾಗಿ ಕಾಣತ್ತೆ, ಮುಂದಲೆ ಪೂರ್ತಿ ಬಿಳಿಯಾದೋರಿಗೆ ಅಷ್ಟು ಒಪ್ಪಲ್ಲ.

ಕಪ್ಪು ಬೇಕು ಆದ್ರೆ ಪಿಪಿಡಿ ಬೇಡ ಅನ್ನೋರಿಗೆ ಇಂಡಿಗೋ. ಮೊದಲು ಮದರಂಗಿ ಹಚ್ಚಿ ತೊಳೆದು, ಅದಾದ್ಮೇಲೆ ಇಂಡಿಗೋ ಪುಡಿ ಬೆಚ್ಚಗಿನ ನೀರಲ್ಲಿ ಚಿಟಿಕೆ ಉಪ್ಪು ಹಾಕಿ ಕಲಸಿ ಹಚ್ಚೋದು. ಮದರಂಗಿ ಗಂಟೆಗಟ್ಟಲೆ ನೆನೆದಷ್ಟೂ ಒಳ್ಳೇದು, ಇಂಡಿಗೋ ಹಾಗಲ್ಲ, ಕಲಸಿ ಹತ್ತು ಹದಿನೈದು ನಿಮಿಷಕ್ಕೆ ಹಚ್ಚಬೇಕು, ಇಟ್ಟರೆ ಶಕ್ತಿ ಹೋಗತ್ತೆ. ತೊಳೆದಾಗ ಒಂಥರಾ ಹಸಿರುಗಟ್ಟಿದಂಗೆ ಕಂಡ್ರೆ ಗಾಬರಿ ಬೇಡ, ಗಾಳಿ ಸೋಕಿ ಎರಡು ದಿನದಲ್ಲಿ ಕಪ್ಪಾಗತ್ತೆ, ಅಲ್ಲೀವರೆಗೆ ಶಾಂಪೂ ಹಾಕ್ಬೇಡಿ. ಮೂರನೇ ವಾರದ ಪರೀಕ್ಷೇಲಿ ಇದು ಡೈಗಿಂತ ಮೇಲು, ಬುಡದಲ್ಲಿ ಬಿಳಿ ಬಂದ್ರೂ ಗೆರೆ ಎಳೆದಂಗೆ ಕಾಣಲ್ಲ. ಆದ್ರೆ ಟೈಮ್! ಎರಡು ಸಲ ಹಚ್ಚಿ ಎರಡು ಸಲ ತೊಳೆಯೋಕೆ ಅರ್ಧ ದಿನ ಹೋಗತ್ತೆ, ಹಾಸನದ ಬೇಸಿಗೆಯಲ್ಲಿ ಪರವಾಗಿಲ್ಲ ಅನ್ನಿ, ಜುಲೈನಲ್ಲಿ ಮೂಡಿಗೆರೆ ಕೊಪ್ಪದ ಕಡೆ ಮಳೆ ಹಿಡಿದಾಗ ಒದ್ದೆ ಸೊಪ್ಪು ತಲೆ ಮೇಲೆ ಇಟ್ಕೊಂಡು ಕೂತ್ರೆ ಸಂಜೆಗೆ ನಡುಕ ಗ್ಯಾರಂಟಿ, ಹಂಡೆ ನೀರು ಕಾಯಿಸಿಟ್ಟು ಬಿಸಿಲಿರೋ ದಿನಾನೇ ನೋಡ್ಕೊಂಡು ಮಾಡ್ಬೇಕು. ಇಂಡಿಗೋಗೂ ಅಪರೂಪಕ್ಕೆ ಅಲರ್ಜಿ ಆಗೋರಿದ್ದಾರೆ, ಕಿವಿ ಹಿಂದೆ ಚೂರು ಹಚ್ಚಿ ನೋಡೋ ಪ್ಯಾಚ್ ಟೆಸ್ಟ್ ಇದಕ್ಕೂ ಇರಲಿ. ಜಿ-6-ಪಿಡಿ ಅನ್ನೋ ರಕ್ತಕಣದ ಎನ್‌ಜೈಮ್ ಕೊರತೆ ಇದೆ ಅಂತ ಡಾಕ್ಟ್ರು ಹೇಳಿರೋರು ಮದರಂಗಿ ತಂಟೆಗೇ ಹೋಗಬಾರದು, ರಕ್ತಕಣ ಒಡೆಯೋ ಅಪಾಯ ಇದೆ. ಇನ್ನೊಂದು, ಮದರಂಗಿ ಹಚ್ಚಿದ ಕೂದಲನ್ನ ಆಮೇಲೆ ಪಾರ್ಲರಲ್ಲಿ ತಿಳಿ ಬಣ್ಣಕ್ಕೆ ತರೋದು ಬಹಳ ಕಷ್ಟ, ಹೈಲೈಟ್ಸ್ ಆಸೆ ಇರೋರು ಮೊದಲೇ ಯೋಚನೆ ಮಾಡಿ.

ಇನ್ನು ಬಿಳಿ ಬಿಡೋದು. ನೋಡೋಕೆ ಇದು ಸೋಮಾರಿಗಳ ದಾರಿ, ನಿಜಕ್ಕೂ ಮೊದಲ ಎರಡು ವರ್ಷ ಇದೇ ಕಷ್ಟದ್ದು. ಭುಜದವರೆಗೆ ಕೂದಲಿದ್ರೆ ಡೈ ಪೂರ್ತಿ ಬೆಳೆದು ಹೋಗೋಕೆ ಎರಡು ಎರಡೂವರೆ ವರ್ಷ ಬೇಕು, ಅಲ್ಲೀವರೆಗೆ ಅರ್ಧ ಬಿಳಿ ಅರ್ಧ ಕೆಂಚು, ಸಿಕ್ಕಿದೋರೆಲ್ಲಾ "ಏನಕ್ಕಾ ಹುಷಾರಿಲ್ವಾ" ಅಂತ ಕೇಳ್ತಾರೆ, ದೇವಸ್ಥಾನದ ಪ್ರಸಾದದ ಕ್ಯೂನಲ್ಲೂ ಕೇಳ್ತಾರೆ. ಧೈರ್ಯ ಇದ್ರೆ ಕತ್ತಿನವರೆಗೆ ಕತ್ತರಿಸಿಬಿಡಿ, ಕಾಯೋ ಕಾಲ ಅರ್ಧ ಆಗತ್ತೆ. ಜಡೆ ಬಿಡಲ್ಲ ಅನ್ನೋರು ಬೈತಲೆ ನೇರ ತೆಗೆಯೋದು ಬಿಟ್ಟು ಓರೆ ಮಾಡ್ಕೊಂಡ್ರೆ ಗೆರೆ ಅಷ್ಟು ಎದ್ದು ಕಾಣಲ್ಲ. ಬಿಳಿ ಕೂದಲು ಒರಟು, ಒಣಗೋದೂ ಜಾಸ್ತಿ, ಹೊಗೆ ಬಿಸಿಲಿಗೆ ಹಳದಿ ತಿರುಗತ್ತೆ, ವಾರಕ್ಕೊಂದ್ಸಲ ನೇರಳೆ ಬಣ್ಣದ ಶಾಂಪೂ ಹಾಕಿದ್ರೆ ಆ ಹಳದಿ ಹೋಗತ್ತೆ. ಮಲೆನಾಡಿನೋರು ದಾಸವಾಳದ ಸೊಪ್ಪಿನ ಗೊಂಪು ಹಚ್ಚಿ ಮೀಯೋದು ಇಲ್ಲಿ ನಿಜವಾಗ್ಲೂ ಕೆಲಸಕ್ಕೆ ಬರತ್ತೆ, ಒರಟು ಕೂದಲು ಮೆತ್ತಗಾಗತ್ತೆ. ಎರಡು ವರ್ಷ ದಾಟಿದೋರಿಗೆ ಮೂರನೇ ವಾರ ಅನ್ನೋದೇ ಇಲ್ಲ ನೋಡಿ, ನನ್ನ ಮತ ಇದಕ್ಕೇ, ಆದ್ರೆ ಮನೆಯಲ್ಲಿ ಒಂದು ವರ್ಷದೊಳಗೆ ಮದುವೆ ಇದ್ರೆ ಈಗ ಶುರು ಮಾಡ್ಬೇಡಿ.

ಬಣ್ಣದ ಮಾತಿನ ಮಧ್ಯೆ ಉದುರೋದನ್ನ ಮರೀಬೇಡಿ. ಮುಟ್ಟು ನಿಲ್ಲೋ ಹೊತ್ತಲ್ಲಿ ಬೈತಲೆ ಅಗಲ ಆಗೋದು ಸಾಮಾನ್ಯ, ಎಣ್ಣೆ ಬದಲಾಯಿಸೋಕೆ ಮುಂಚೆ ಥೈರಾಯ್ಡ್ ಮತ್ತೆ ಕಬ್ಬಿಣದಂಶ ಟೆಸ್ಟ್ ಮಾಡ್ಸಿ. ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ತೊಳೆದು ಹೋಗೋದನ್ನ ತಡೆಯತ್ತೆ, ಅದು ನಿಜ, ಆದ್ರೆ ಹೊಸ ಕೂದಲು ಹುಟ್ಟಿಸಲ್ಲ. ತಲೆಗೆ ಹಚ್ಚೋ ಔಷಧ ಮಿನಾಕ್ಸಿಡಿಲ್ ಹುಟ್ಟಿಸಬಹುದು, ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಿಸಿ ಹೆದರಿಸತ್ತೆ, ನಿಲ್ಲಿಸಿದ್ರೆ ಬಂದಿದ್ದೂ ಹೋಗತ್ತೆ, ಅಂದ್ರೆ ಅದು ಇಎಂಐ ಮುಗಿಯದ ಸಾಲ, ಡಾಕ್ಟ್ರನ್ನ ಕೇಳಿ ಶುರು ಮಾಡಿ.

ಮುಖ: ಪಾರ್ಲರು, ಮನೆ, ಚರ್ಮದ ಡಾಕ್ಟ್ರು

ನಮ್ಮ ಊರುಗಳ ಹವಾನೇ ಒಂದು ಮೋಸ. ತಂಪಾಗಿದೆ, ಬಿಸಿಲು ಚುಚ್ಚಲ್ಲ, ಹಾಗಾಗಿ ಸನ್‌ಸ್ಕ್ರೀನ್ ಬೆಂಗಳೂರು ಬಳ್ಳಾರಿಯೋರಿಗೆ ಅಂತ ನಾವು ಅನ್ಕೊಂಡಿದ್ದೀವಿ. ಹಾಸನ ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ದಾಟಿದೆ, ಚಿಕ್ಕಮಗಳೂರು ಸಾವಿರ ದಾಟಿದೆ, ಸಾವಿರ ಮೀಟರ್ ಮೇಲೇರಿದ್ರೆ ಅಲ್ಟ್ರಾವಯಲೆಟ್ ಕಿರಣ ಸುಮಾರು ಶೇ 10 ಜಾಸ್ತಿ ಆಗತ್ತೆ, ಸೆಕೆ ಗೊತ್ತಾಗಲ್ಲ ಬಂಗು ಮಾತ್ರ ಗೊತ್ತಾಗತ್ತೆ. ಮೋಡ ಇದ್ರೂ ಕಿರಣ ಬರತ್ತೆ. ಹೀಗಾಗಿ ಈ ಇಡೀ ವಿಭಾಗದಲ್ಲಿ ಒಂದೇ ಒಂದು ಡಬ್ಬಿಗೆ ದುಡ್ಡಿದೆ ಅಂದ್ರೆ ಅದು ಸನ್‌ಸ್ಕ್ರೀನ್ ಆಗಿರಲಿ.

ಯಾವುದು ಅಂದ್ರೆ, ಎಸ್‌ಪಿಎಫ್ 30 ಶೇ 97ರಷ್ಟು ಯುವಿಬಿ, ಅಂದ್ರೆ ಚರ್ಮ ಸುಡೋ ಕಿರಣ ತಡೆಯತ್ತೆ, 50 ಶೇ 98ರಷ್ಟು, ಹೆಚ್ಚೂಕಮ್ಮಿ ಒಂದೇ, ನೂರರದ್ದಕ್ಕೆ ಡಬಲ್ ದುಡ್ಡು ಕೊಡಬೇಡಿ, ಯುವಿಎ ಅನ್ನೋ ಇನ್ನೊಂದು ಕಿರಣ ಎಷ್ಟು ತಡೆಯತ್ತೆ ಅಂತ ಹೇಳೋ ಪಿಎ ಪಕ್ಕ ಮೂರು ನಾಕು ಪ್ಲಸ್ ಇದೆಯಾ ನೋಡಿ. ತೋರು ಬೆರಳು ಮಧ್ಯದ ಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ ಕತ್ತಿಗೆ ಬೇಕು, ನಾವು ಹಚ್ಚೋದು ಬಿಂದಿಯಷ್ಟು. ಬಿಸಿಲಲ್ಲೇ ಇದ್ರೆ ಎರಡು ಗಂಟೆಗೊಮ್ಮೆ ಮತ್ತೆ. ಬಂಗು ಇದ್ರೆ ಬಿಳಿ ಕ್ರೀಮಿಗಿಂತ ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಮೇಲು, ಅದರಲ್ಲಿ ಐರನ್ ಆಕ್ಸೈಡ್ ಇರತ್ತೆ, ಕಣ್ಣಿಗೆ ಕಾಣೋ ಬೆಳಕೂ ಬಂಗು ಗಾಢ ಮಾಡತ್ತೆ, ಅದನ್ನ ಬಿಳಿ ಕ್ರೀಮು ತಡೆಯಲ್ಲ ಇದು ತಡೆಯತ್ತೆ, ಜೊತೆಗೆ ಪೌಡರ್ ಫೌಂಡೇಶನ್ ಖರ್ಚೂ ಉಳೀತು. ತೋಟದಲ್ಲಿ ನಿಲ್ಲೋರಿಗೆ ಇದರ ಜೊತೆ ಅಗಲ ಅಂಚಿನ ಟೋಪಿ ಬೇಕೇ ಬೇಕು, ತಲೆಗೆ ಸುತ್ತಿದ ಟವೆಲ್ ಕೆನ್ನೆ ಮುಚ್ಚಲ್ಲ.

ಪಾರ್ಲರಿನ ಫೇಶಿಯಲ್ಲಿಗೆ ನಾನು ವಿರೋಧಿ ಅಲ್ಲ. ಒಂದು ಗಂಟೆ ಯಾರೋ ಮುಖ ಒತ್ತಿ ಕೊಡ್ತಾರೆ, ಫೋನ್ ಮುಟ್ಟೋ ಹಾಗಿಲ್ಲ, ಸುಖ ಇದೆ. ಹೊಳಪು ನಾಕೈದು ದಿನ, ಮೂರನೇ ವಾರಕ್ಕೆ ಗುರುತೂ ಇರಲ್ಲ. ನನ್ನ ತಕರಾರು ಬ್ಲೀಚ್ ಮೇಲೆ, ಬಂಗು ಇದ್ದೋರು ಬ್ಲೀಚ್ ಮಾಡ್ಸಿದ್ರೆ ಚರ್ಮ ಕೆರಳಿ ಕಲೆ ಇನ್ನೂ ಕಪ್ಪಾಗಬಹುದು, ಅದನ್ನ ಹೇಳದೇ ಹಾಕೋ ಜಾಗಗಳು ಬೇಕಾದಷ್ಟಿವೆ. ಹುಬ್ಬು ಥ್ರೆಡಿಂಗ್, ಹೇರ್ ಕಟ್, ಕಾಲಿನ ಪೆಡಿಕ್ಯೂರ್, ಇಷ್ಟಕ್ಕೆ ಪಾರ್ಲರ್ ಬೆಸ್ಟ್. ಹುಬ್ಬು ಮಾತ್ರ ತೆಳ್ಳಗೆ ಮಾಡಿಸ್ಬೇಡಿ, ಈ ವಯಸ್ಸಲ್ಲಿ ತೆಗೆದಿದ್ದು ಮತ್ತೆ ಬರೋದು ನಿಧಾನ.

ಮನೆ ಮದ್ದಲ್ಲಿ ಕಡ್ಲೆಹಿಟ್ಟು ಮೊಸರು ಹಾನಿ ಇಲ್ಲ, ಒಣ ಚರ್ಮಕ್ಕೆ ದಿನಾ ಬೇಡ ಅಷ್ಟೇ. ನಿಂಬೆಹಣ್ಣು ಮುಖಕ್ಕೆ ಉಜ್ಜೋದನ್ನ ಇವತ್ತೇ ನಿಲ್ಸಿ, ನಿಂಬೆ ರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ರೆ ಸುಟ್ಟಂಗೆ ಗುಳ್ಳೆ ಎದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯತ್ತೆ. ಕೊಬ್ಬರಿ ಎಣ್ಣೆ ಕೈಕಾಲಿಗೆ ಸೈ, ಮುಖಕ್ಕೆ ಕೆಲವರಿಗೆ ರಂಧ್ರ ಕಟ್ಟಿ ಮೊಡವೆ ಬರತ್ತೆ. ಡಿಸೆಂಬರ್ ಜನವರಿಯ ಒಣ ಗಾಳಿಗೆ ಮುಖ ಬಿರಿಯೋರು ಗ್ಲಿಸರಿನ್ ಅಥವಾ ಸೆರಮೈಡ್ ಇರೋ ಸಾದಾ ಮಾಯಿಶ್ಚರೈಸರ್ ಸ್ನಾನ ಆದ ತಕ್ಷಣ ಒದ್ದೆ ಚರ್ಮದ ಮೇಲೇ ಹಚ್ಚಿ, ಮೆಡಿಕಲ್ ಸ್ಟೋರ್ ಡಬ್ಬಿನೇ ಸಾಕು, ಮಾಲ್ ಡಬ್ಬಿ ಬೇಡ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮದ ಕೊಲಾಜೆನ್ ಸುಮಾರು ಶೇ 30 ಕಮ್ಮಿಯಾಗತ್ತೆ ಅಂತ ಹೇಳ್ತಾರೆ, ದಿಢೀರ್ ಅಂತ ಮುಖ ಒಣಗಿದಂಗೆ ಅನ್ಸೋದು ಸುಮ್ಮನೆ ಅಲ್ಲ.

ಸುಕ್ಕಿಗೆ ಏನು ಅಂದ್ರೆ ಎರಡು ಹೆಸರು ಕೇಳಿ ಬರತ್ತೆ, ರೆಟಿನಾಲ್ ಮತ್ತೆ ಬಕುಚಿಯಾಲ್. ರೆಟಿನಾಲ್ ವಿಟಮಿನ್ ಎ ಕುಟುಂಬದ್ದು, ಹೆಚ್ಚು ವರ್ಷದ ಪುರಾವೆ ಇರೋದು ಈ ಕುಟುಂಬಕ್ಕೇ, ಆದ್ರೆ ಇದರ ಮೂರನೇ ವಾರ ಬಹಳ ಕೆಟ್ಟದ್ದು, ಸಿಪ್ಪೆ ಏಳತ್ತೆ, ಉರಿಯತ್ತೆ, ಅಲ್ಲಿಗೇ ಡಬ್ಬಿ ಮೂಲೆ ಸೇರತ್ತೆ. ವಾರಕ್ಕೆರಡೇ ರಾತ್ರಿ, ಕಡಲೆಕಾಳಷ್ಟೇ, ಕಮ್ಮಿ ಸ್ಟ್ರೆಂತಿನದ್ದು, ಅದರ ಮೇಲೆ ಮಾಯಿಶ್ಚರೈಸರ್ ಹಚ್ಚಿ ಮೂರ್ನಾಕು ತಿಂಗಳು ತಾಳಿದೋರಿಗೆ ಮಾತ್ರ ಲಾಭ. ಗರ್ಭಿಣಿಯಾಗೋ ಸಾಧ್ಯತೆ ಇರೋರು ಮುಟ್ಟಬಾರದು. ಬಕುಚಿಯಾಲ್ ನಮ್ಮ ಬಾವಂಚಿ ಬೀಜದಿಂದ ತೆಗೆದಿದ್ದು, 2019ರಲ್ಲಿ 44 ಜನರ ಮೇಲೆ 12 ವಾರ ನಡೆದ ಒಂದು ಅಧ್ಯಯನದಲ್ಲಿ ರೆಟಿನಾಲಿಗೆ ಸಮಾನ ಫಲ ಕೊಟ್ಟಿತ್ತು, ಉರಿ ಸಿಪ್ಪೆ ಕಮ್ಮಿ. 44 ಜನ ಅಂದ್ರೆ ಸಣ್ಣ ಅಧ್ಯಯನ, ಆದ್ರೂ ಸೂಕ್ಷ್ಮ ಚರ್ಮದೋರಿಗೆ ಇದರಿಂದ ಶುರು ಮಾಡಿ ಅಂತೀನಿ. ಹುಷಾರು, ಗ್ರಂಧಿಗೆ ಅಂಗಡಿಯಿಂದ ಬಾವಂಚಿ ಬೀಜ ತಂದು ಅರೆದು ಹಚ್ಚೋದು ಇದಕ್ಕೆ ಸಮ ಅಲ್ಲ, ಆ ಬೀಜದಲ್ಲಿ ಸೊರಾಲೆನ್ ಇರತ್ತೆ, ಬಿಸಿಲಿಗೆ ಹೋದ್ರೆ ಚರ್ಮ ಸುಡತ್ತೆ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷ್ಯ. ಬಂಗಿಗೆ ಅಂತ ಮೆಡಿಕಲ್ ಸ್ಟೋರಲ್ಲಿ ಕೇಳಿದ್ರೆ ಸ್ಟೆರಾಯ್ಡು, ಕಲೆ ತಿಳಿ ಮಾಡೋ ಹೈಡ್ರೊಕ್ವಿನೋನ್, ವಿಟಮಿನ್ ಎ ಕುಟುಂಬದ ಟ್ರೆಟಿನಾಯಿನ್ ಮೂರೂ ಸೇರಿದ ಟ್ಯೂಬು ತೆಗೆದು ಕೊಟ್ಟುಬಿಡ್ತಾರೆ. ಎರಡನೇ ವಾರಕ್ಕೆ ಮುಖ ಗಾಜಿನಂಗೆ ಹೊಳೆಯತ್ತೆ, ಓರಗಿತ್ತಿ ನಾದಿನಿ ಎಲ್ಲರೂ ಹೆಸರು ಬರ್ಕೊಂಡು ಹೋಗ್ತಾರೆ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣತ್ತೆ, ಮೊಡವೆ, ಮುಖದ ಮೇಲೆ ಕೂದಲು, ಬಿಟ್ಟ ತಕ್ಷಣ ಬೆಂಕಿ ಉರಿ. 2018ರಲ್ಲೇ ಕೇಂದ್ರ ಸರ್ಕಾರ ಇಂಥಾ ಸ್ಟೆರಾಯ್ಡ್ ಕ್ರೀಮುಗಳನ್ನ ಚೀಟಿ ಇಲ್ಲದೇ ಮಾರಬಾರದು ಅಂತ ಮಾಡಿದೆ. ಮೂರು ಸೇರಿದ ಆ ಕ್ರೀಮು ಕೆಟ್ಟದ್ದೇ ಅಂತಲ್ಲ, ಡಾಕ್ಟ್ರು ಇಂತಿಷ್ಟು ವಾರ ಅಂತ ಬರೆದು ಕೊಟ್ಟರೆ ಅದು ಔಷಧ, ಪಕ್ಕದ ಮನೆಯೋರು ಹೇಳಿ ಹಚ್ಚಿದ್ರೆ ಕಾಯಿಲೆ. ಈಗಾಗ್ಲೇ ಹಚ್ತಿದ್ರೆ ಸೀದಾ ಚರ್ಮದ ಡಾಕ್ಟ್ರ ಹತ್ರ ಹೋಗಿ, ಹಾಸನದೋರಿಗೆ ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆ ಒಪಿಡಿ ಇದೆ, ಫೇಶಿಯಲ್ ದುಡ್ಡಿಗಿಂತ ಕಮ್ಮಿಯಲ್ಲಿ ಆಗೋ ಕೆಲಸ. ಅಜೆಲಾಯಿಕ್ ಆಸಿಡ್ ಥರ ನಿಧಾನದ, ಸ್ಟೆರಾಯ್ಡ್ ಇಲ್ಲದ ದಾರಿಗಳೂ ಇವೆ, ಕೇಳಿ. ಹೆಸರಿಲ್ಲದ ಬೆಳ್ಳಗಾಗೋ ಕ್ರೀಮುಗಳಲ್ಲಿ ಪಾದರಸ ಇರೋದುಂಟು, ಅದು ಕಿಡ್ನಿ ಕೆಡಿಸತ್ತೆ, ಆ ಕಡೆ ತಿರುಗಿಯೂ ನೋಡ್ಬೇಡಿ.

ಕಣ್ಣಿಗೆ ಚಾಳೀಸು

ಮುಖದ ಲುಕ್ ಒಂದೇ ದಿನದಲ್ಲಿ ಬದಲಾಗ್ಬೇಕಾ, ಕನ್ನಡಕದ ಫ್ರೇಮ್ ಬದಲಾಯಿಸಿ. ಕ್ರೀಮಿಗೆ ಸಾವಿರಗಟ್ಟಲೆ ಸುರಿಯೋರು ಫ್ರೇಮಿಗೆ ಬಂದಾಗ ಇರೋದ್ರಲ್ಲಿ ಅಗ್ಗದ್ದು ಕೊಡಿ ಅಂತಾರೆ, ದಿನದ ಹದಿನಾಲ್ಕು ಗಂಟೆ ಮುಖದ ಮೇಲೆ ಕೂರೋದು ಅದೇ.

ರೆಡಿಮೇಡ್ ರೀಡಿಂಗ್ ಗ್ಲಾಸು ನೂರಿನ್ನೂರಕ್ಕೆ ಸಿಗತ್ತೆ, ದೂರ ಸರಿಯಾಗಿ ಕಾಣೋರಿಗೆ, ಎರಡು ಕಣ್ಣಿನ ಪವರ್ ಒಂದೇ ಇರೋರಿಗೆ ಸಾಕು, ಅಡುಗೆಮನೇಲಿ ಒಂದು ಬ್ಯಾಗಲ್ಲಿ ಒಂದು ಇಟ್ಕೊಳ್ಳಿ, ಆದ್ರೆ ಹಾಕೋದು ತೆಗೆಯೋದು ಬೇಜಾರು. ಬೈಫೋಕಲ್ ಗಟ್ಟಿ ಆಸಾಮಿ, ಬೇಗ ಒಗ್ಗತ್ತೆ, ಓದೋ ಭಾಗ ಅಗಲ ಇರತ್ತೆ, ಗಾಜಿನ ಮೇಲಿನ ಗೆರೆ ಮಾತ್ರ ವಯಸ್ಸು ಕೂಗಿ ಹೇಳತ್ತೆ, ಕಂಪ್ಯೂಟರ್ ದೂರಕ್ಕೆ ಸರಿಯಾಗಿ ಕೂರಲ್ಲ. ಪ್ರೋಗ್ರೆಸಿವ್‌ನಲ್ಲಿ ಗೆರೆ ಇಲ್ಲ, ದೂರ, ಕಂಪ್ಯೂಟರ್, ಓದು ಮೂರಕ್ಕೂ ಒಂದೇ, ಎರಡು ಮೂರು ಸಾವಿರದಿಂದ ಶುರುವಾಗಿ ಇಪ್ಪತ್ತು ಸಾವಿರದ ಆಚೆಗೂ ಹೋಗತ್ತೆ. ಅಗ್ಗದ ಪ್ರೋಗ್ರೆಸಿವ್‌ನಲ್ಲಿ ಸ್ಪಷ್ಟ ಕಾಣೋ ಓಣಿ ಕಿರಿದು, ಪಕ್ಕಗಳಲ್ಲಿ ಅಲೆಅಲೆ, ಮೊದಮೊದಲು ಮೆಟ್ಟಿಲು ಇಳಿಯೋವಾಗ ತಲೆ ಸುತ್ತತ್ತೆ. ಇಲ್ಲಿ ಮಾತ್ರ ಮೂರನೇ ವಾರ ನಿಮ್ಮ ಪರ, ಬಿಡದೇ ಹಾಕಿದ್ರೆ ಅಷ್ಟೊತ್ತಿಗೆ ಒಗ್ಗಿರತ್ತೆ, ಒಗ್ಗದಿದ್ರೆ ಅಳತೆ ತಪ್ಪಿದೆ ಅಂತಲೇ ತಿಳ್ಕೊಂಡು ವಾಪಸ್ ಅಂಗಡಿಗೆ ಹೋಗಿ. ತೀರಾ ಸಣ್ಣ ಎತ್ತರದ ಫ್ರೇಮಿಗೆ ಪ್ರೋಗ್ರೆಸಿವ್ ಹಾಕಿಸ್ಬೇಡಿ, ಓದೋ ಭಾಗವೇ ಕತ್ತರಿಸಿ ಹೋಗತ್ತೆ. ತೋಟದ ಇಳಿಜಾರಲ್ಲಿ ಓಡಾಡೋರು, ದಿನಾ ಬಸ್ ಹತ್ತಿಳಿಯೋರು ಓಡಾಟಕ್ಕೆ ಬರೀ ದೂರದ್ದು, ಕೂತ ಕೆಲಸಕ್ಕೆ ಪ್ರೋಗ್ರೆಸಿವ್ ಅಂತ ಎರಡು ಇಟ್ಕೊಳ್ಳೋದು ವಾಸಿ. ಫ್ರೇಮು ಯಾವ ಬಣ್ಣ ಅಂತ ಕೇಳೋರಿಗೆ, ಕೂದಲು ಬಿಳಿ ಬಿಟ್ಟಿದ್ರೆ ಕಪ್ಪು ಅಥವಾ ಮರೂನ್ ದಪ್ಪ ಫ್ರೇಮು ಮುಖಕ್ಕೆ ಕಳೆ ಕೊಡತ್ತೆ, ಡೈ ಹಾಕೋರಿಗೆ ಕಂದು.

ಉಡೋದು ತೊಡೋದು

ಸೀರೆನಾ ಕುರ್ತಾನಾ ಅನ್ನೋ ಜಗಳ ನಮ್ಮ ಕಡೆ ಮುಗಿದು ಹೋಗಿದೆ, ಎರಡೂ ಇರಲಿ. ನಿಜವಾದ ಪ್ರಶ್ನೆ ರವಿಕೆ. ಈ ವಯಸ್ಸಲ್ಲಿ ತೂಕ ಅಷ್ಟೇ ಇದ್ರೂ ಅದು ಸೊಂಟ, ಹೊಟ್ಟೆ, ತೋಳಿಗೆ ಜಾಗ ಬದಲಾಯಿಸತ್ತೆ, ನಾವು ಮಾತ್ರ ಹತ್ತು ವರ್ಷದ ಹಿಂದಿನ ಅಳತೆ ರವಿಕೆನೇ ಟೈಲರಿಗೆ ಕೊಟ್ಟು ಸ್ವಲ್ಪ ಲೂಸ್ ಮಾಡಿ ಅಂತೀವಿ. ಲೂಸ್ ಮಾಡಿದ್ರೆ ಭುಜ ಜಾರತ್ತೆ, ತೋಳು ಬಿಗಿಯೋದು ಹಾಗೇ ಉಳಿಯತ್ತೆ. ಅಳತೆ ರವಿಕೆ ಮನೇಲಿಟ್ಟು ಮೈ ಅಳತೆ ಹೊಸದಾಗಿ ಕೊಡಿ, ತೋಳು ಮೊಣಕೈವರೆಗೆ ಬರಲಿ, ಪ್ರಿನ್ಸೆಸ್ ಕಟ್ ಕೇಳಿ, ಒಳಗೆ ಒಂದಿಂಚು ಬಟ್ಟೆ ಬಿಡ್ಸಿ. ಲೈನಿಂಗ್ ಕಾಟನ್ನೇ ಆಗ್ಲಿ, ಪಾಲಿಯೆಸ್ಟರ್ ಲೈನಿಂಗ್ ಹಾಕಿ ಇದ್ದಕ್ಕಿದ್ದಂಗೆ ಮೈ ಬಿಸಿ ಏರೋ ಹೊತ್ತಲ್ಲಿ ಮದುವೆಮನೇಲಿ ಕೂತ್ರೆ ಅದು ಶಿಕ್ಷೆ. ಹೊಸ ಸೀರೆ ಒಂದು ಕಮ್ಮಿ ತಗೊಂಡು ಆ ದುಡ್ಡಲ್ಲಿ ಇರೋ ನಾಕು ಸೀರೆಗೆ ಹೊಸ ರವಿಕೆ ಹೊಲಿಸಿದ್ರೆ ಬೀರು ಇಡೀ ಹೊಸದಾಗತ್ತೆ.

ಸೀರೆ ಬಟ್ಟೆ ವಿಷ್ಯಕ್ಕೆ ಬಂದ್ರೆ, ಗಂಜಿ ಹಾಕಿದ ಕಾಟನ್ ಸೀರೆ ಬೆಳಗ್ಗೆ ಎಂಟಕ್ಕೆ ಮಹಾರಾಣಿ, ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹತ್ರ ಉಬ್ಬಿ ನಿಲ್ಲತ್ತೆ, ದಪ್ಪ ಕಾಣೋ ಭಯ ಇರೋರಿಗೆ ಅದು ಬೇಡ, ಹಳೇ ಮೆತ್ತಗಿನ ಕಾಟನ್ ಇಲ್ಲಾ ಇಳಕಲ್ ಥರ ಕಾಟನ್ ರೇಷ್ಮೆ ಮಿಶ್ರ ಉಡಿ. ಮೈಸೂರ್ ಸಿಲ್ಕ್ ಕ್ರೇಪಿಗೆ ಈ ವಯಸ್ಸಲ್ಲಿ ಸಾಟಿಯಿಲ್ಲ, ಮೈ ಮೇಲೆ ಜಾರಿದಂಗೆ ಕೂರತ್ತೆ, ಉಬ್ಬಲ್ಲ, ತೂಕ ಇಲ್ಲ. ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿದು ಅಂದ್ರೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯದು, ಜರಿಯಲ್ಲಿ ಶೇ 65 ಬೆಳ್ಳಿ ಶೇ 0.65 ಚಿನ್ನ, ಜರಿ ಸೀರೆ ಬೆಲೆ ಈಗ ಇಪ್ಪತ್ತು ಸಾವಿರ ದಾಟತ್ತೆ. ಮೈಸೂರ್ ಸಿಲ್ಕ್ ಅಂತ ಹೇಳಿ ಎರಡು ಸಾವಿರಕ್ಕೆ ಕೊಟ್ಟರೆ ಅದು ಆರ್ಟಿಫಿಶಿಯಲ್ ಕ್ರೇಪ್, ಅದನ್ನ ಅದೇ ಹೆಸರಲ್ಲಿ ತಗೊಳ್ಳಿ, ಆಫೀಸಿಗೆ ಚೆನ್ನಾಗೇ ಇರತ್ತೆ, ಮಳೆಗೆ ಹೆದರೋದೂ ಬೇಡ. ಕಾಂಜೀವರಂ ದಪ್ಪ ಬಾರ್ಡರು ಫೋಟೋಗೆ ಸರಿ, ಹಾಸನಾಂಬೆ ದರ್ಶನದ ಕ್ಯೂನಲ್ಲಿ ಗಂಟೆಗಟ್ಟಲೆ ನಿಲ್ಲೋಕೆ ಅಲ್ಲ.

ಮಲೆನಾಡಿನೋರಿಗೆ ರೇಷ್ಮೆ ಅಂದ್ರೆ ಜೂನಿಂದ ಸೆಪ್ಟೆಂಬರ್ ಯುದ್ಧ. ಪ್ಲಾಸ್ಟಿಕ್ ಕವರಲ್ಲಿಟ್ರೆ ಬೂಷ್ಟು ಹಿಡಿಯತ್ತೆ, ಹಳೇ ಪಂಚೇಲಿ ಸುತ್ತಿಡಿ, ಮಳೆ ಬಿಟ್ಟ ದಿನ ನೆರಳಲ್ಲಿ ಹರವಿ ಮಡಿಕೆ ಬದಲಾಯಿಸಿ, ನುಸಿಗುಳಿಗೆ ಜರಿಗೆ ತಾಗದ ಹಾಗೆ ಇರಲಿ.

ಕುರ್ತಾ ಹಾಕೋರಿಗೆ ಒಂದೇ ಮಾತು, ಲೆಗ್ಗಿಂಗ್ಸ್ ಬಿಟ್ಟು ನೇರ ಪ್ಯಾಂಟಿಗೆ ಬನ್ನಿ, ಉದ್ದ ಮೊಣಕಾಲ ಕೆಳಗಿರಲಿ. ಚಪ್ಪಲಿ ತೀರಾ ಚಪ್ಪಟೆ ಬೇಡ ತೀರಾ ಹೀಲ್ಸೂ ಬೇಡ, ಹಿಮ್ಮಡಿ ನೋವು ಬಂದೋರಿಗೆ ನಾನು ಹೇಳಬೇಕಾಗಿಲ್ಲ. ಲಿಪ್‌ಸ್ಟಿಕ್ ಮ್ಯಾಟ್ ಆದ್ರೆ ತುಟಿ ಬಿರುಕೆಲ್ಲಾ ತೋರ್ಸತ್ತೆ, ಕ್ರೀಮಿದು ತಗೊಳ್ಳಿ, ಬಣ್ಣ ಇಷ್ಟ ಬಂದಿದ್ದು, ಕೆಂಪು ಹಾಕೋಕೆ ಯಾರ ಅಪ್ಪಣೆನೂ ಬೇಡ.

ಗಂಡಸರಿಗೆ

ಇದನ್ನ ಓದ್ತಾ ಇರೋ ಯಜಮಾನರಿಗೂ ಸ್ವಲ್ಪ. ತಲೆಗೆ ಹಚ್ಚಿ ಉಳಿದ ಡೈನ ಮೀಸೆಗೆ ಬಳಿಯೋದು ನಮ್ಮೂರ ಗಂಡಸರ ಖಾಯಂ ಚಟ, ಮುಖದ ಚರ್ಮ ತೆಳು, ಅಲರ್ಜಿ ಮೊದಲು ಎದ್ದು ಕಾಣೋದು ಅಲ್ಲೇ, ತುಟಿ ಊದತ್ತೆ. ಅಲ್ದೇ ಗಡ್ಡ ದಿನಾ ಬೆಳೆಯತ್ತೆ, ಮೀಸೆ ಬಣ್ಣಕ್ಕೆ ಮೂರನೇ ವಾರ ಏನು ಮೂರನೇ ದಿನಾನೇ ಬುಡ ಬಿಳಿ. ಮೀಸೆ ಟ್ರಿಮ್ ಮಾಡ್ಸಿ ಬಿಳಿಯಾಗೇ ಬಿಟ್ಟು, ತಲೆ ಪಕ್ಕಗಳನ್ನ ಸಣ್ಣ ಕತ್ತರಿಸಿ, ಕಿವಿ ಮೂಗಿನ ಕೂದಲು ತೆಗೆಸಿಬಿಟ್ರೆ ಅರ್ಧ ಕೆಲಸ ಮುಗೀತು. ಇನ್ನರ್ಧ ಶರ್ಟು, ಹೊಟ್ಟೆ ಮೇಲೆ ಗುಂಡಿ ಎಳೆಯೋ ಶರ್ಟುಗಳನ್ನ ತಮ್ಮನಿಗೋ ಅಳಿಯನಿಗೋ ಕೊಟ್ಟು ಒಂದು ಸೈಜ್ ದೊಡ್ಡದು ತಗೊಳ್ಳಿ, ಭುಜದ ಹೊಲಿಗೆ ಭುಜದ ಮೇಲೇ ಕೂರ್ತಿದೆಯಾ ನೋಡಿ, ಇಲ್ದಿದ್ರೆ ಬಟ್ಟೆ ತಗೊಂಡು ಹೊಲಿಸಿ, ಹೊಲಿಗೆ ಕೂಲಿ ಸೇರಿದ್ರೂ ಶೋರೂಮಿಗಿಂತ ಜಾಸ್ತಿ ಆಗಲ್ಲ. ಸನ್‌ಸ್ಕ್ರೀನ್ ನಿಮಗೂ ಬೇಕು, ಬೋಳುತಲೆ ಇದ್ರೆ ತಲೆಗೂ.